ಮನೆಯ ತಾರಸಿಯಲ್ಲಿ ತರಕಾರಿ: ಎಷ್ಟು ಬೆಳೆಯಬಹುದು, ಯಾವುದನ್ನು ಬೆಳೆಯಬೇಕು?

ಬೆಂಗಳೂರು: 2023ರ ಜುಲೈ ತಿಂಗಳಿನಲ್ಲಿ ಟೊಮೆಟೊ ದರ ಕಿಲೋಗೆ 100 ರೂಪಾಯಿಯ ಗಡಿ ದಾಟಿದಾಗ ನಗರದ ಅನೇಕ ಮನೆಗಳಲ್ಲಿ ಒಂದೇ ಯೋಚನೆ ಮೂಡಿತ್ತು. ತಾರಸಿಯ ಮೇಲೆ ನಾಲ್ಕು ಟೊಮೆಟೊ ಗಿಡಗಳನ್ನು ನಾವೇ ಏಕೆ ಬೆಳೆಸಬಾರದು? ಹಾಗೆ ಯೋಚಿಸಿ ಬೀಜ ತಂದವರಲ್ಲಿ ಈ ವರದಿಗಾರನೂ ಒಬ್ಬ. ಸಸಿ ಮಾಡಲು ಸುಮಾರು 25 ದಿನ, ನಾಟಿಯಾದ ಮೇಲೆ ಮೊದಲ ಹಣ್ಣಿಗೆ ಮತ್ತೆ 65ರಿಂದ 75 ದಿನ. ಅಕ್ಟೋಬರ್‌ನಲ್ಲಿ ಕುಂಡದ ಮೊದಲ ಹಣ್ಣು ಕೆಂಪಗಾಗುವ ಹೊತ್ತಿಗೆ ಮಾರುಕಟ್ಟೆಯ ದರ ಎಂದೋ ನೆಲಕಚ್ಚಿತ್ತು. ನಾಲ್ಕರಲ್ಲಿ ಒಂದು ಗಿಡ ಎಲೆ ಮುರುಟು ರೋಗಕ್ಕೆ ಬಲಿಯಾಯಿತು. ಉಳಿದ ಮೂರರಿಂದ ಸಿಕ್ಕಿದ್ದು ಒಟ್ಟು ಮೂರು ಕಿಲೋ.

ದರ ಏರಿದ ತರಕಾರಿಯನ್ನು ಬೆನ್ನಟ್ಟಿ ಕೈತೋಟ ಮಾಡಹೊರಟವರಿಗೆ ಸಾಮಾನ್ಯವಾಗಿ ಆಗುವುದು ಇದೇ ಆಗಿದೆ. ಹಾಗೆಂದು ಮನೆಯಲ್ಲಿ ತರಕಾರಿ ಬೆಳೆಯುವುದು ವ್ಯರ್ಥವೆಂದು ಭಾವಿಸಬೇಕಾಗಿಲ್ಲ. ಯಾವುದನ್ನು ಬೆಳೆದರೆ ಜಾಗಕ್ಕೆ, ನೀರಿಗೆ, ಶ್ರಮಕ್ಕೆ ತಕ್ಕ ಫಲ ಸಿಕ್ಕೀತು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು, ಅಷ್ಟೆ.

ಒಂದು ಸಂಸಾರದ ಲೆಕ್ಕ

ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ವಯಸ್ಕರೊಬ್ಬರು ದಿನಕ್ಕೆ 400 ಗ್ರಾಂ ತರಕಾರಿಯನ್ನು ಸೇವಿಸುವುದು ಒಳ್ಳೆಯದು. ನಾಲ್ಕು ಜನರ ಸಂಸಾರಕ್ಕೆ ಇದು ದಿನಕ್ಕೆ 1.6 ಕಿಲೋ, ವರ್ಷಕ್ಕೆ 580 ಕಿಲೋಗೂ ಹೆಚ್ಚು. ಇಷ್ಟನ್ನೂ ಮನೆಯಲ್ಲೇ ಬೆಳೆದುಕೊಳ್ಳಲು 200ರಿಂದ 250 ಚದರ ಮೀಟರ್ ಜಾಗ ಬೇಕೆಂಬುದು ತೋಟಗಾರಿಕೆಯಲ್ಲಿ ಬಹುಕಾಲದಿಂದ ಹೇಳಿಕೊಂಡು ಬಂದಿರುವ ಅಂದಾಜು. ನಮ್ಮ ನಗರಗಳ 30–40ರ ನಿವೇಶನದ ಪೂರ್ಣ ವಿಸ್ತೀರ್ಣವೇ 111 ಚದರ ಮೀಟರ್. ಅದರಲ್ಲಿ ಮನೆ, ವಾಹನ ನಿಲ್ಲಿಸುವ ಜಾಗ, ಸಂಪು, ತಾರಸಿಯ ಮೇಲಿನ ಟ್ಯಾಂಕು, ಸೋಲಾರ್ ಫಲಕ, ಬಟ್ಟೆ ಒಣಗಿಸುವ ತಂತಿ ಎಲ್ಲವೂ ಸೇರಿವೆ. ಆದ್ದರಿಂದ 'ಪೇಟೆಯಿಂದ ತರಕಾರಿಯನ್ನೇ ತರುವುದಿಲ್ಲ' ಎಂಬ ಸಂಕಲ್ಪವನ್ನು ನಗರವಾಸಿಗಳು ಆರಂಭದಲ್ಲೇ ಕೈಬಿಡುವುದು ಲೇಸು.

ಆದರೆ ಸೊಪ್ಪಿನ ಲೆಕ್ಕವೇ ಬೇರೆ. ದಿನದ ತರಕಾರಿಯಲ್ಲಿ ನಾಲ್ಕನೇ ಒಂದು ಭಾಗ ಸೊಪ್ಪು ಎಂದಿಟ್ಟುಕೊಂಡರೆ ಇದೇ ಸಂಸಾರಕ್ಕೆ ತಿಂಗಳಿಗೆ 12 ಕಿಲೋ ಸೊಪ್ಪು ಬೇಕು. ಹರಿವೆ ಅಥವಾ ದಂಟು ಬಿತ್ತಿದ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಒಂದು ಚದರ ಮೀಟರ್ ಮಡಿಯಿಂದ ಒಂದು ಕೊಯ್ಲಿಗೆ ಒಂದರಿಂದ ಒಂದೂವರೆ ಕಿಲೋ ನಿರೀಕ್ಷಿಸಬಹುದು. ಹಾಗಾದರೆ 10–12 ಚದರ ಮೀಟರ್, ಅಂದರೆ ಒಂದು ಸಾಧಾರಣ ಕೊಠಡಿಯಷ್ಟು ಜಾಗದಲ್ಲಿ ಸೊಪ್ಪಿನ ಅಗತ್ಯದ ಬಹುಪಾಲನ್ನು ಪೂರೈಸಿಕೊಳ್ಳಲು ಸಾಧ್ಯ. ಇದರ ಅರ್ಧದಷ್ಟು ಸಾಧಿಸಿದರೂ ಕಡಿಮೆಯೇನಲ್ಲ.

ಸೊಪ್ಪಿಗೇ ಏಕೆ ಮೊದಲ ಸ್ಥಾನ?

ಬೆಂಗಳೂರಿನ ಸುತ್ತಮುತ್ತ ಕೊಳಚೆ ಬೆರೆತ ನೀರಿನಲ್ಲಿ ಸೊಪ್ಪು–ತರಕಾರಿ ಬೆಳೆಯುವುದು ಗುಟ್ಟಿನ ವಿಷಯವೇನಲ್ಲ. ನಗರದ ಚರಂಡಿ ಹಾಗೂ ಕೈಗಾರಿಕೆಗಳ ನೀರನ್ನು ಹೊತ್ತು ಸಾಗುವ ವೃಷಭಾವತಿಯು ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಸೇರುತ್ತದೆ. ಬೇರೆ ನೀರಿಲ್ಲದ ರೈತರು ಇಂತಹ ನೀರನ್ನೇ ಬಳಸಿದರೆ ಅವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಆ ನೀರನ್ನು ಹರಿಸಿದವರು ನಾವೇ. ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯ (ಎಂಪ್ರಿ) ಅಧ್ಯಯನವೊಂದು 2023ರಲ್ಲಿ ಸುದ್ದಿಯಾಗಿತ್ತು. ಬೆಂಗಳೂರಿನ ಅಂಗಡಿಗಳಿಂದ ಸಂಗ್ರಹಿಸಿದ ತರಕಾರಿಯ ಹಲವು ಮಾದರಿಗಳಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳು ಮಿತಿಗಿಂತ ಹೆಚ್ಚಿರುವುದನ್ನು ಅದು ಗುರುತಿಸಿತ್ತು. ಮಣ್ಣು–ನೀರಿನಲ್ಲಿರುವ ಇಂತಹ ಲೋಹಗಳನ್ನು ಎಲೆಯಲ್ಲಿ ಶೇಖರಿಸಿಕೊಳ್ಳುವುದರಲ್ಲಿ ಸೊಪ್ಪಿನ ಬೆಳೆಗಳೇ ಮುಂದು. ಬೇರಿನಿಂದ ಒಳಸೇರಿದ ಲೋಹವನ್ನು ಎಷ್ಟು ಬಾರಿ ತೊಳೆದರೂ ಹೊರತೆಗೆಯಲಾಗದು.

ಇನ್ನೊಂದು ಕಾರಣ ಅಡುಗೆಮನೆಯದು. ಕೊತ್ತಂಬರಿ, ಪುದೀನ, ಮೆಂತ್ಯದ ಸೊಪ್ಪುಗಳು ಕಿತ್ತ ಮರುದಿನವೇ ಬಾಡತೊಡಗುತ್ತವೆ. ಎರಡು ಎಸಳು ಕೊತ್ತಂಬರಿಗಾಗಿ ಒಂದು ಕಟ್ಟು ತಂದು ಉಳಿದದ್ದನ್ನು ವಾರಾಂತ್ಯಕ್ಕೆ ಕಸದ ಬುಟ್ಟಿಗೆ ಹಾಕುವುದು ನಗರದ ಎಲ್ಲ ಮನೆಗಳ ಕಥೆ. ಬೇಕಾದಾಗ ಬೇಕಾದಷ್ಟನ್ನೇ ಚಿವುಟಿಕೊಳ್ಳುವ ಅನುಕೂಲಕ್ಕೆ ಬೆಲೆ ಕಟ್ಟುವುದು ಕಷ್ಟ.

ಸೊಪ್ಪಿನ ಬೆಳೆಗೆ ಆರು ಇಂಚು ಆಳದ ಟ್ರೇ ಸಾಕು. ದಿನಕ್ಕೆ ಮೂರು–ನಾಲ್ಕು ತಾಸಿನ ಬಿಸಿಲಿದ್ದರೂ ಬೆಳೆಯುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಕನಿಷ್ಠ ಒಂದು ಅಡಿ ಆಳ ಮತ್ತು ಐದಾರು ತಾಸಿನ ನೇರ ಬಿಸಿಲು ಬೇಕು. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಟೊಮೆಟೊ ಗಿಡ ಸೊಗಸಾಗಿ ಎತ್ತರಕ್ಕೆ ಹೋಗುತ್ತದೆ, ಹಣ್ಣು ಮಾತ್ರ ಕೊಡುವುದಿಲ್ಲ. ಮೆಂತ್ಯ ಹಾಗೂ ಕೊತ್ತಂಬರಿಗೆ ಅಡುಗೆಮನೆಯ ಡಬ್ಬಿಯಲ್ಲಿರುವ ಬೀಜವೇ ಆದೀತು. ಕೊತ್ತಂಬರಿ ಬೀಜವನ್ನು ಮಾತ್ರ ಉಜ್ಜಿ ಎರಡು ಹೋಳಾಗಿಸಿ ಬಿತ್ತಬೇಕು. ಹತ್ತು ದಿನ ಕಳೆದರೂ ಮೊಳಕೆ ಕಾಣದೆ ನಿರಾಶರಾಗುವವರು ಬಹುತೇಕ ಇಡೀ ಬೀಜ ಬಿತ್ತಿದವರು. ಎಲ್ಲವನ್ನೂ ಒಂದೇ ದಿನ ಬಿತ್ತದೆ ವಾರಕ್ಕೊಂದು ಟ್ರೇಯಂತೆ ಬಿತ್ತಿದರೆ ಕೊಯ್ಲು ನಿರಂತರವಾಗಿರುತ್ತದೆ.

ಸೊಪ್ಪಿನ ನಂತರದ ಸ್ಥಾನವನ್ನು ಕರಿಬೇವು, ಹಸಿಮೆಣಸಿನಕಾಯಿ, ದೊಡ್ಡಪತ್ರೆ, ಒಂದೆಲಗ, ನಿಂಬೆಹುಲ್ಲುಗಳಿಗೆ ಕೊಡಬಹುದು. ಎರಡು ಮೆಣಸಿನ ಗಿಡಗಳು ಒಂದು ಮನೆಯ ಒಗ್ಗರಣೆಗೆ ತಿಂಗಳುಗಟ್ಟಲೆ ಸಾಕಾಗುತ್ತವೆ. ಈರುಳ್ಳಿ, ಆಲೂಗಡ್ಡೆ, ಎಲೆಕೋಸುಗಳನ್ನು ರೈತರಿಗೇ ಬಿಟ್ಟುಕೊಡುವುದು ಜಾಣತನ.

ತಾರಸಿ ಎಷ್ಟು ಭಾರ ಹೊತ್ತೀತು?

ಗಿಡಗಳ ಬಗ್ಗೆ ಉತ್ಸಾಹದಿಂದ ಮಾತನಾಡುವವರು ಸಾಮಾನ್ಯವಾಗಿ ಮರೆಯುವ ವಿಷಯವಿದು. ಜನ ಓಡಾಡುವ ಸಮತಟ್ಟಾದ ತಾರಸಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 875 ಸಂಹಿತೆಯು ವಿಧಿಸಿರುವ ವಿನ್ಯಾಸದ ಭಾರ ಚದರ ಮೀಟರ್‌ಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಮೆಟ್ಟಿಲು ಸೌಲಭ್ಯವಿಲ್ಲದ ತಾರಸಿಗೆ ಇದರ ಅರ್ಧ ಮಾತ್ರ. ಒದ್ದೆಯಾದ ಮಣ್ಣಿನ ತೂಕ ಘನ ಮೀಟರ್‌ಗೆ ಸುಮಾರು 1,800 ಕಿಲೋ. ಹಾಗಾಗಿ ತಾರಸಿಯ ತುಂಬ ಆರು ಇಂಚು ಮಣ್ಣು ಹರಡಿ ಮಳೆ ಬಿದ್ದರೆ ಚದರ ಮೀಟರ್‌ಗೆ 270 ಕಿಲೋ ಭಾರ ಬೀಳುತ್ತದೆ. ಲೆಕ್ಕ ಸ್ಪಷ್ಟವಾಗಿದೆ.

ಆದ್ದರಿಂದ ಬರೀ ಮಣ್ಣಿನ ಬದಲು ಮಣ್ಣು, ಕಾಂಪೋಸ್ಟ್ ಹಾಗೂ ತೆಂಗಿನ ನಾರಿನ ಪುಡಿಯನ್ನು (ಕೊಕೊಪೀಟ್) ಸಮಭಾಗದಲ್ಲಿ ಬೆರೆಸುವುದು ರೂಢಿ. ಭಾರ ಗಣನೀಯವಾಗಿ ತಗ್ಗುವುದಲ್ಲದೆ ನೀರೂ ಹೆಚ್ಚು ಹೊತ್ತು ನಿಲ್ಲುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನ ಅಂಶವಿರುವುದರಿಂದ ಒಂದೆರಡು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ಬಳಸಬೇಕು. ದೊಡ್ಡ ಡ್ರಮ್ಮುಗಳನ್ನು ತಾರಸಿಯ ನಡುವೆ ಇಡದೆ ಕೆಳಗೆ ಗೋಡೆ ಅಥವಾ ಬೀಮ್ ಇರುವಲ್ಲಿ ಅಂಚಿಗೆ ಇಡಬೇಕು. ಕುಂಡಗಳ ಕೆಳಗೆ ಇಟ್ಟಿಗೆ ಅಥವಾ ಸ್ಟ್ಯಾಂಡ್ ಇಟ್ಟು ಗಾಳಿಯಾಡಲು ಬಿಟ್ಟರೆ ನೀರು ನಿಂತು ಸೋರುವ ಭಯವಿಲ್ಲ. ಹಳೆಯ ಮನೆಯಾಗಿದ್ದರೆ, ಸೀಲಿಂಗ್‌ನಲ್ಲಿ ತೇವದ ಕಲೆ ಅಥವಾ ಬಿರುಕು ಇದ್ದರೆ, ಎಂಜಿನಿಯರ್ ಒಬ್ಬರಿಗೆ ತೋರಿಸದೆ ಡ್ರಮ್ಮು ಏರಿಸಬಾರದು. ಬಾಡಿಗೆ ಮನೆಯವರು ಮಾಲೀಕರನ್ನು ಕೇಳಿಯೇ ಮುಂದುವರಿಯುವುದು ಒಳಿತು. ತಾರಸಿ ಸೋರಿದರೆ ಕಾರಣ ಯಾವುದೇ ಇರಲಿ, ಅಪವಾದ ಬರುವುದು ಗಿಡಗಳ ಮೇಲೆಯೇ.

ಮಣ್ಣು ಬಂದದ್ದು ಎಲ್ಲಿಂದ?

'ಮನೆಯಲ್ಲೇ ಬೆಳೆದದ್ದು, ಆದ್ದರಿಂದ ವಿಷಮುಕ್ತ' ಎಂಬ ಮಾತನ್ನು ಪರೀಕ್ಷಿಸದೆ ಒಪ್ಪುವಂತಿಲ್ಲ. ಚೀಲದಲ್ಲಿ ಮಾರುವ 'ಕೆಂಪು ಮಣ್ಣು' ಅಥವಾ 'ಕೆರೆ ಗೋಡು' ಎಲ್ಲಿಯದೆಂದು ಕೇಳಿದರೆ ಮಾರುವವರಲ್ಲಿ ಉತ್ತರವಿರುವುದು ಅಪರೂಪ. ಕೊಳಚೆ ಸೇರಿದ ಕೆರೆಯ ಹೂಳನ್ನೇ ಕುಂಡಕ್ಕೆ ತುಂಬಿದರೆ, ಯಾವ ಭಯದಿಂದ ಕೈತೋಟ ಆರಂಭಿಸಿದೆವೋ ಅದನ್ನೇ ಮಹಡಿಗೆ ಹೊತ್ತುಕೊಂಡು ಬಂದಂತಾಗುತ್ತದೆ. ಮನೆಯ ಮುಂದಿನ ಪುಟ್ಟ ಅಂಗಳದ ಸಮಸ್ಯೆ ಬೇರೆ. ನಿವೇಶನ ತುಂಬಿಸಲು ಹಾಕಿದ ಕಟ್ಟಡದ ಅವಶೇಷ, ಸಿಮೆಂಟು, ಸುಣ್ಣಗಳಿಂದ ಅಲ್ಲಿನ ಮಣ್ಣು ಕ್ಷಾರವಾಗಿರುತ್ತದೆ. ಹೊಸ ಎಲೆಗಳು ಹಳದಿಯಾಗುವುದು ಅದರ ಒಂದು ಲಕ್ಷಣ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಬೆಂಗಳೂರಿನವರಿಗೆ ಜಿಕೆವಿಕೆಯಲ್ಲಿ, ಮಣ್ಣು ಪರೀಕ್ಷೆಯ ಸೌಲಭ್ಯವಿದೆ. ಹಳೆಯ ಬಣ್ಣದ ಡಬ್ಬಗಳಲ್ಲಿ, ರಾಸಾಯನಿಕ ತುಂಬಿದ್ದ ಡ್ರಮ್ಮುಗಳಲ್ಲಿ ತಿನ್ನುವ ಬೆಳೆ ಬೆಳೆಯಕೂಡದು.

ಗೊಬ್ಬರದ ವಿಷಯದಲ್ಲಿ ನಗರವಾಸಿಗಳು ಅದೃಷ್ಟವಂತರು. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನಲ್ಲಿ 2012 ಹಾಗೂ 2014ರಲ್ಲಿ ಗ್ರಾಮಸ್ಥರು ಪ್ರತಿಭಟನೆಗೆ ಇಳಿದ ನಂತರ ಮನೆಯಲ್ಲೇ ಹಸಿ ಕಸವನ್ನು ಗೊಬ್ಬರವಾಗಿಸುವ ಅಭ್ಯಾಸ ಅನೇಕರಿಗೆ ಹತ್ತಿತು. ರಂಧ್ರವಿರುವ ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆಯ ಒಂದು ಪದರ, ಒಣ ಎಲೆ ಅಥವಾ ನಾರಿನ ಪುಡಿಯ ಒಂದು ಪದರ, ನಡುವೆ ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಹುಳಿ ಮಜ್ಜಿಗೆ. ವಾರಕ್ಕೆರಡು ಬಾರಿ ಕೆದಕಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ಸಿದ್ಧ. ದುರ್ವಾಸನೆ ಬಂದರೆ ಒಣ ಪದಾರ್ಥ ಕಡಿಮೆಯಾಗಿದೆ ಎಂದೇ ತಿಳಿಯಬೇಕು.

ನೀರಿನ ಪ್ರಶ್ನೆ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾಲುಸಾಲಾಗಿ ಬತ್ತಿದಾಗ ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಹಾಗೂ ಕಟ್ಟಡ ನಿರ್ಮಾಣಕ್ಕೆ ಬಳಸುವುದನ್ನು ನಿಷೇಧಿಸಿತು. ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ. ವರ್ಷಗಳಿಂದ ಬೆಳೆಸಿದ ತಾರಸಿ ತೋಟಗಳು ಆ ಬೇಸಿಗೆಯಲ್ಲಿ ಒಣಗಿದವು. ಟ್ಯಾಂಕರ್ ನೀರಿಗಾಗಿ ಅಕ್ಕಪಕ್ಕದವರು ಕಾದಿರುವಾಗ ಬದನೆ ಗಿಡಕ್ಕೆ ನಲ್ಲಿ ನೀರು ಬಿಡುವುದು ಸರಿಯೇ ಎಂಬ ಪ್ರಶ್ನೆಯನ್ನು ಕೈತೋಟದವರು ತಪ್ಪಿಸಿಕೊಳ್ಳುವಂತಿಲ್ಲ.

ಬೇಸಿಗೆಯಲ್ಲಿ ಒಂದು ದೊಡ್ಡ ಕುಂಡದ ಟೊಮೆಟೊ ಗಿಡಕ್ಕೆ ದಿನಕ್ಕೆ ಒಂದರಿಂದ ಎರಡು ಲೀಟರ್ ನೀರು ಬೇಕು. ಅಂತಹ 50 ಕುಂಡಗಳಿದ್ದರೆ 50ರಿಂದ 100 ಲೀಟರ್. ಈ ನೀರನ್ನು ಎಲ್ಲಿಂದ ತರುವುದು ಎಂಬುದಕ್ಕೆ ಉತ್ತರವಿಲ್ಲದೆ 51ನೇ ಕುಂಡ ಕೊಳ್ಳಬಾರದು.

ಮೊದಲ ಉತ್ತರ ತಾರಸಿಯಲ್ಲೇ ಇದೆ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 1,000 ಮಿಲಿಮೀಟರ್ ಆಸುಪಾಸಿನ ಮಳೆಯಾಗುತ್ತದೆ; ಶೇ 20ರಷ್ಟು ನಷ್ಟ ಕಳೆದರೂ 80,000 ಲೀಟರ್ ಉಳಿಯುತ್ತದೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು 2,400 ಚದರ ಅಡಿ ಮೇಲ್ಪಟ್ಟ ನಿವೇಶನಗಳ ಹಳೆಯ ಕಟ್ಟಡಗಳಿಗೂ 1,200 ಚದರ ಅಡಿ ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಲಾಗಿತ್ತು. ತೊಡಕು ಇರುವುದು ಸಂಗ್ರಹಣೆಯಲ್ಲಿ. ಬಹುಪಾಲು ಮಳೆ ಸುರಿಯುವುದು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ನೀರು ಬೇಕಾಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. 5,000 ಲೀಟರ್ ಟ್ಯಾಂಕಿನ ನೀರು ದಿನಕ್ಕೆ 50 ಲೀಟರ್‌ನಂತೆ 100 ದಿನ ಬರುತ್ತದೆ. ಅಷ್ಟು ಜಾಗವಿಲ್ಲದವರು ಬೇಸಿಗೆಯಲ್ಲಿ ಕುಂಡಗಳ ಸಂಖ್ಯೆಯನ್ನೇ ಇಳಿಸಿ, ಖಾಲಿ ಕುಂಡಗಳ ಮಣ್ಣಿಗೆ ಗೊಬ್ಬರ ಬೆರೆಸಿ ಮುಚ್ಚಿಟ್ಟು ಮುಂಗಾರಿಗೆ ಕಾಯುವುದು ವಿವೇಕ. ಮಳೆಯಾಶ್ರಿತ ರೈತರು ಮಾಡುವುದೂ ಇದನ್ನೇ.

ಎರಡನೆಯ ಉತ್ತರ ಅಡುಗೆಮನೆಯ ಸಿಂಕ್‌ನಲ್ಲಿದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದರೆ ಸೊಪ್ಪಿನ ಟ್ರೇಗಳಿಗೆ ಬಹುಮಟ್ಟಿಗೆ ಸಾಕು. ಕರಾವಳಿಯ ಮನೆಗಳಲ್ಲಿ ಬಾವಿಕಟ್ಟೆಯ ಬಳಿ ಬಸಳೆ ಚಪ್ಪರ, ಬಚ್ಚಲಿನ ನೀರು ಹರಿಯುವಲ್ಲಿ ಬಾಳೆ ಇರುತ್ತಿದ್ದುದು ಇದೇ ಲೆಕ್ಕದಿಂದ. ಸಾಬೂನಿನ ನೀರು ಬಾಳೆಗೆ ಆದೀತು, ಸೊಪ್ಪಿಗೆ ಬೇಡ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಾಂಶ ಹೆಚ್ಚಿರುವುದರಿಂದ ಅದನ್ನೇ ದಿನವೂ ಹಾಕಿದರೆ ಕುಂಡದ ಮಣ್ಣು ಕೆಡುತ್ತದೆ. ಮಳೆನೀರಿನೊಂದಿಗೆ ಬೆರೆಸಿ ಬಳಸಬೇಕು. ಅಪಾರ್ಟ್‌ಮೆಂಟ್‌ಗಳ ಶುದ್ಧೀಕರಣ ಘಟಕದ ನೀರು ಹುಲ್ಲುಹಾಸಿಗೆ, ಹೂವಿನ ಗಿಡಗಳಿಗೆ ಸರಿ. ಉತ್ತರ ಕರ್ನಾಟಕದವರಂತೆ ಮೆಂತ್ಯ, ಹಕ್ಕರಕಿಯನ್ನು ರೊಟ್ಟಿಯೊಂದಿಗೆ ಹಸಿಯಾಗಿಯೇ ತಿನ್ನುವ ಮನೆಗಳಲ್ಲಿ ಆ ನೀರನ್ನು ಸೊಪ್ಪಿನ ಹತ್ತಿರಕ್ಕೂ ತರಬಾರದು.

ಕುಂಡದ ಮೇಲ್ಮೈಗೆ ಒಣ ಎಲೆಯ ಹೊದಿಕೆ ಹಾಕುವುದು, ಬೆಳಿಗ್ಗೆ ಬೇಗ ನೀರುಣಿಸುವುದು, ಬೆರಳಿಟ್ಟು ತೇವ ನೋಡಿಯೇ ನೀರು ಹಾಕುವುದು ಇವೆಲ್ಲ ಖರ್ಚಿಲ್ಲದ ಉಪಾಯಗಳು. ಬೇರು ಕೊಳೆತು ಸಾಯುವ ಕುಂಡದ ಗಿಡಗಳಿಗೆ ಬಹಳ ಸಲ ಕಾರಣವಾಗುವುದು ಹೆಚ್ಚಾದ ನೀರೇ.

ಊರಿಗೆ ತಕ್ಕ ಬೆಳೆ

ಬೆಂಗಳೂರಿನ ತೋಟದ ಸಲಹೆಗಳನ್ನು ಕಲಬುರಗಿಯಲ್ಲಿ ಪಾಲಿಸಿದರೆ ನಷ್ಟವೇ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಪಾಲಕ್, ಮೂಲಂಗಿ, ಹುರುಳಿಕಾಯಿ ವರ್ಷದ ಬಹುಕಾಲ ಬರುತ್ತವೆ. ತಾಪಮಾನ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಬೇಸಿಗೆಯ ತಾರಸಿಗೆ ನೆರಳು ಪರದೆ ಅನಿವಾರ್ಯ. ಅಲ್ಲಿ ಪುಂಡಿ ಪಲ್ಯ, ರಾಜಗಿರಿಯಂತಹ ಬಿಸಿಲು ತಾಳುವ ಸೊಪ್ಪುಗಳೇ ಆಸರೆ. ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಗಳನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಬೇಕು. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಕಷ್ಟ ತದ್ವಿರುದ್ಧ. ಜೂನ್–ಜುಲೈನ ಮಳೆಗೆ ಟೊಮೆಟೊ ಕೊಳೆಯುತ್ತದೆ, ಕೊತ್ತಂಬರಿ ಮಲಗುತ್ತದೆ. ಆ ಕಾಲಕ್ಕೆ ಏರಿಸಿದ ಮಡಿಯ ಮೇಲೆ ಬೆಂಡೆ, ಹೀರೆ, ಪಡುವಲ, ಕೆಸು ಬೆಳೆಯುವುದು ಅಲ್ಲಿನವರಿಗೆ ಹಿರಿಯರಿಂದ ಬಂದ ಪಾಠ. ಹರಿವೆ, ಅಲಸಂದೆ, ತೊಂಡೆಗಳಿಗೆ ಮಳೆ ಹಿಂದೆಗೆದ ಮೇಲಿನ ಅವಧಿ ಒಳ್ಳೆಯದು.

ಬೀಜ ಮತ್ತು ರೋಗ

ಬೀಜದ ವಿಷಯದಲ್ಲಿ ರಾಜ್ಯದ ಜನರಿಗೆ ಒಂದು ಅನುಕೂಲವಿದೆ. 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇರುವುದು ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿ. ಅದರ ತಳಿಗಳ ಹೆಸರಿನ ಮೊದಲಿಗೆ ಬರುವ 'ಅರ್ಕಾ' ಎಂಬುದು ಅರ್ಕಾವತಿ ನದಿಯಿಂದ ಬಂದದ್ದು. ಪದೇ ಪದೇ ಕೊಯ್ದುಕೊಳ್ಳಬಹುದಾದ ದಂಟಿನ ತಳಿ ಅರ್ಕಾ ಸುಗುಣ. ಎಲೆ ಮುರುಟು, ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಾಳಿಕೊಳ್ಳುವಂತೆ ಅಭಿವೃದ್ಧಿಪಡಿಸಿದ ಟೊಮೆಟೊ ಅರ್ಕಾ ರಕ್ಷಕ್. 2023ರಲ್ಲಿ ಈ ವರದಿಗಾರ ಅದನ್ನೇ ತಂದಿದ್ದರೆ ನಾಲ್ಕನೆಯ ಗಿಡವೂ ಉಳಿಯುತ್ತಿತ್ತೇನೋ. ಅದು ಹೈಬ್ರಿಡ್ ಆದ್ದರಿಂದ ಹಣ್ಣಿನಿಂದ ತೆಗೆದ ಬೀಜ ತಾಯಿಗಿಡದ ಗುಣವನ್ನು ಹಾಗೆಯೇ ಕೊಡದು. ಬೀಜ ಉಳಿಸಿಕೊಳ್ಳಬಯಸುವವರು ಅರ್ಕಾ ವಿಕಾಸ್‌ನಂತಹ ಶುದ್ಧ ತಳಿ ಅಥವಾ ನಾಟಿ ಬೀಜ ಆರಿಸಬೇಕು. ಬೆಂಗಳೂರಿನಲ್ಲಿ 2011ರಿಂದ ನಡೆದುಬಂದ 'ಊಟ ಫ್ರಮ್ ಯುವರ್ ತೋಟ' ಮೇಳಗಳು ಇಂತಹ ಬೀಜ, ಸಸಿಗಳ ವಿನಿಮಯಕ್ಕೆ ವೇದಿಕೆಯಾಗಿವೆ.

ಕೀಟಗಳಲ್ಲಿ ಹಿಟ್ಟು ತಿಗಣೆ, ಸಸ್ಯಹೇನು, ಬಿಳಿನೊಣಗಳ ಕಾಟ ಹೆಚ್ಚು. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ಬೆರೆಯಲು ನಾಲ್ಕು ಹನಿ ಸೋಪು ದ್ರಾವಣ ಸೇರಿಸಿ ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೆ ಬೀಳುವಂತೆ ಸಿಂಪಡಿಸಬೇಕು; ಸುಡುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಟ್ಟೀತು. ಮುರುಟು ರೋಗ ತಗಲಿದ ಗಿಡಕ್ಕೆ ಚಿಕಿತ್ಸೆಯಿಲ್ಲ. ಕಿತ್ತು ದೂರ ಹಾಕದಿದ್ದರೆ ಬಿಳಿನೊಣ ಅದನ್ನು ಪಕ್ಕದ ಗಿಡಕ್ಕೂ ಹರಡುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಮುತ್ತುವ ದೊಡ್ಡ ಆಫ್ರಿಕನ್ ಬಸವನಹುಳುಗಳನ್ನು ಕೈಗವಸು ತೊಟ್ಟು ಆರಿಸಿ ಉಪ್ಪುನೀರಿಗೆ ಹಾಕುವುದೇ ದಾರಿ. ಕೋತಿಗಳಿಗೆ ಬಲೆಯ ಹೊರತು ಬೇರೆ ಉಪಾಯ ಕಂಡುಬಂದಿಲ್ಲ.

ಕುಂಬಳ, ಹೀರೆಯ ಬಳ್ಳಿ ಹೂವನ್ನೇನೋ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ ಎಂಬುದು ಎತ್ತರದ ಮಹಡಿಗಳಲ್ಲಿ ವಾಸಿಸುವವರ ದೂರು. ಅಷ್ಟು ಮೇಲಕ್ಕೆ ಜೇನ್ನೊಣಗಳು ಬರುವುದು ಕಡಿಮೆ. ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುವುದು ಹೆಣ್ಣು ಹೂವು, ಬರೀ ತೊಟ್ಟಿನ ಮೇಲಿರುವುದು ಗಂಡು. ಗಂಡು ಹೂವನ್ನು ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿನ ನಡುವೆ ಮೃದುವಾಗಿ ಸವರಿದರೆ ಸಾಕು. ಕುಂಬಳದ ಹೂವು ಅರಳುವುದು ನಸುಕಿನಲ್ಲಿ, ಹತ್ತು ಗಂಟೆಯ ಸುಮಾರಿಗೆ ಮುದುಡಿರುತ್ತದೆ. ಹೀರೆ ಅರಳುವುದು ಸಂಜೆ. ಕಚೇರಿಗೆ ಹೋಗುವವರು ಹೀರೆಯನ್ನೇ ಆರಿಸಿಕೊಂಡರೆ ಮನೆಗೆ ಮರಳಿದ ಮೇಲೂ ಈ ಕೆಲಸಕ್ಕೆ ಸಮಯವಿರುತ್ತದೆ.